ಸಾದಾ ಕಾರಿಗೆ ಟರ್ಬೊ ಎಂಜಿನ್ ಕೂಡಿಸೋದು: ರೀಲ್ಸ್‌ನಲ್ಲಿ ಕಾಣದ ಲೆಕ್ಕ ಇಲ್ಲಿದೆ

ವಿಜಯಪುರ: ಮೊಬೈಲ್ ತೆಗೆದರೆ ಸಾಕು, ಕಾರಿನ ಎಂಜಿನ್ ಇಳಿಸಿ ಇನ್ನೊಂದು ಏರಿಸುವ ರೀಲ್ಸ್ ಸಾಲಾಗಿ ಬರ್ತವೆ. ಒಂದೇ ನಿಮಿಷದಲ್ಲಿ ಎಲ್ಲ ಮುಗಿದು ಗಾಡಿ ಹಾರಿಕೊಂಡು ಹೋಗ್ತದೆ. ತಿಕೋಟಾ ಕಡೆ ಒಣದ್ರಾಕ್ಷಿ ರೊಕ್ಕ, ಬಬಲೇಶ್ವರ ಕಡೆ ಕಬ್ಬಿನ ಬಿಲ್ ಕೈಗೆ ಬಂದಾಗ 'ನಮ್ಮ ಗಾಡಿಗೂ ಟರ್ಬೊ ಎಂಜಿನ್ ಹಾಕ್ಸೋಣ' ಅಂತ ಹುಡುಗರಿಗೆ ಅನಿಸೋದು ಸಹಜ. ಆದರೆ ಕೈ ಹಾಕುವ ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಬಹಳ ಅದಾವ.

ಟರ್ಬೊ ಅಂದ್ರೆ ಏನು?

ಸಾದಾ ಎಂಜಿನ್ ತನ್ನ ಪಿಸ್ಟನ್ ಬಲದಿಂದಲೇ ಗಾಳಿ ಎಳೆದುಕೊಳ್ಳುತ್ತದೆ. ಟರ್ಬೊ ಎಂಜಿನ್‌ನಲ್ಲಿ ಹಾಗಲ್ಲ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರ ತಿರುಗಿಸುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲ್ ಹೆಚ್ಚು ಸುಡಬಹುದು, ಶಕ್ತಿ ಹೆಚ್ಚು ಸಿಗ್ತದೆ. ಈ ಚಕ್ರಗಳು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ನಮ್ಮ ಲಾರಿ, ಜೆಸಿಬಿ, ಬೊಲೆರೊ ಡೀಸೆಲ್‌ಗಳಲ್ಲಿ ಇರೋದೂ ಇದೇ.

ಬರೀ ಟರ್ಬೊ ಹಾಕಿದ್ರೆ ಸಾಲೋದಿಲ್ವಾ?

ಸಾಲೋದಿಲ್ಲ. ಇದಕ್ಕೆ ಕಾರಣ ಕಂಪ್ರೆಷನ್. ಜಪಾನಿನ ಸುಬರು ಕಂಪನಿಯ ಎರಡು ಕಾರು ನೋಡಿ. ಬಿಆರ್‌ಝಡ್ ಅನ್ನೋ ಸ್ಪೋರ್ಟ್ಸ್ ಕಾರು 2012ರಲ್ಲಿ ಬಂದಾಗ ಅದರಲ್ಲಿ ಟರ್ಬೊ ಇಲ್ಲದ 2.0 ಲೀಟರ್ ಎಂಜಿನ್ ಇತ್ತು. ಶಕ್ತಿ 200 ಎಚ್‌ಪಿ, ಕಂಪ್ರೆಷನ್ 12.5ಕ್ಕೆ 1. ಅದೇ ಎಂಜಿನ್ ಕುಟುಂಬದ 2.0 ಲೀಟರ್ ಟರ್ಬೊ ಎಂಜಿನ್ 2015ರ ಡಬ್ಲ್ಯುಆರ್‌ಎಕ್ಸ್ ಕಾರಿನಲ್ಲಿ ಬಂತು. ಶಕ್ತಿ 268 ಎಚ್‌ಪಿ, ಕಂಪ್ರೆಷನ್ ಮಾತ್ರ 10.6ಕ್ಕೆ 1. ಗಾಳಿಯನ್ನು ಮೊದಲೇ ಒತ್ತಿ ಕಳಿಸೋದರಿಂದ ಕಂಪನಿಯವರು ಸಿಲಿಂಡರ್ ಒಳಗಿನ ಒತ್ತುವಿಕೆ ಕಡಿಮೆ ಮಾಡಿದ್ದಾರೆ.

ಇದನ್ನು ಬಿಟ್ಟು ಸಾದಾ ಎಂಜಿನ್‌ಗೆ ಹಾಗೇ ಟರ್ಬೊ ಬಿಗಿದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸುಟ್ಟು ಟಕ್ ಟಕ್ ಅಂತ ನಾಕಿಂಗ್ ಶುರುವಾಗ್ತದೆ. ಪಿಸ್ಟನ್ ಒಡೆಯೋದಕ್ಕೆ ಬಹಳ ದಿನ ಬೇಕಾಗಿಲ್ಲ. ಅದಕ್ಕೇ ವಿದೇಶದಲ್ಲಿ ಎಷ್ಟೋ ಮಂದಿ ಟರ್ಬೊ ಬಿಗಿಯೋ ಬದಲು ಕಂಪನಿಯೇ ಮಾಡಿದ ಟರ್ಬೊ ಎಂಜಿನ್ ಇಡಿಯಾಗಿ ತಂದು ಕೂಡಿಸ್ತಾರೆ.

ಎಂಜಿನ್ ಒಂದೇ ಬದಲಾದ್ರೆ ಮುಗೀತಾ?

ಇಲ್ಲ. ನಮಗೆ ಗೊತ್ತಿರೋ ಬಲೆನೊ ಕಾರನ್ನೇ ತಗೊಳ್ರಿ. ಅದರ ಸಾದಾ 1.2 ಪೆಟ್ರೋಲ್ ಎಂಜಿನ್ ಟಾರ್ಕ್ ಮೊದಲು 115 ಎನ್‌ಎಂ ಇತ್ತು. 2017ರಲ್ಲಿ ಮಾರುತಿಯವರು 1.0 ಟರ್ಬೊ ಎಂಜಿನ್‌ನ ಬಲೆನೊ ಆರ್‌ಎಸ್ ತಂದರು, ಟಾರ್ಕ್ 150 ಎನ್‌ಎಂ. ಆದರೆ ಕಂಪನಿ ಎಂಜಿನ್ ಅಷ್ಟೇ ಬದಲಿಸಲಿಲ್ಲ. ಹಿಂದಿನ ಗಾಲಿಗೆ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕ್ ಹಾಕಿತು. ಓಡುವ ಶಕ್ತಿ ಹೆಚ್ಚಿಸಿದರೆ ನಿಲ್ಲಿಸುವ ಶಕ್ತಿಯೂ ಹೆಚ್ಚಬೇಕು ಅನ್ನೋದು ಅದರ ಅರ್ಥ.

ಗ್ಯಾರೇಜ್‌ನಲ್ಲಿ ಎಂಜಿನ್ ಬದಲಿಸಿದರೆ ಇಷ್ಟೂ ನೋಡಬೇಕಾಗ್ತದೆ:

- ಎಂಜಿನ್ ಮೌಂಟ್, ಗೇರ್‌ಬಾಕ್ಸ್, ಕ್ಲಚ್, ಆಕ್ಸಲ್
- ಇಸಿಎಂ, ಪೂರ್ತಿ ವೈರಿಂಗ್, ಕೀ ಲಾಕ್
- ಫ್ಯೂಯೆಲ್ ಪಂಪ್, ಸೈಲೆನ್ಸರ್ ಲೈನ್
- ರೇಡಿಯೇಟರ್, ಇಂಟರ್‌ಕೂಲರ್
- ಬ್ರೇಕ್, ಸಸ್ಪೆನ್ಷನ್, ಟೈರ್

ಇಂಟರ್‌ಕೂಲರ್ ಅಂದರೆ ಒತ್ತಿದ ಬಿಸಿ ಗಾಳಿಯನ್ನು ತಣ್ಣಗೆ ಮಾಡೋ ಜಾಳಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದು ಸಣ್ಣದಾದರೆ ಟರ್ಬೊ ಇದ್ದೂ ಉಪಯೋಗ ಇಲ್ಲ. ಈ ಪಟ್ಟಿಯಲ್ಲಿ ಒಂದು ಬಿಟ್ಟರೂ ಹಾಕಿದ ರೊಕ್ಕ ನೀರಿಗೆ ಹೋದಂತೆ.

ಕಾನೂನು ಏನ್ ಹೇಳ್ತದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕರು ಗಾಡಿ ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ ಇಂಥ ಪ್ರತಿ ಬದಲಾವಣೆಗೆ 5,000 ರೂ. ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು.

ಎಂಜಿನ್ ಕೆಟ್ಟು ಅದೇ ಕಂಪನಿಯ ಅದೇ ಮಾದರಿ ಎಂಜಿನ್ ಹಾಕಿಸೋದು ಬೇರೆ ಮಾತು. ಅದಕ್ಕೂ ಆರ್‌ಟಿಒ ಅನುಮತಿ ಪಡೆದು ಹೊಸ ನಂಬರ್ ಆರ್‌ಸಿಯಲ್ಲಿ ಏರಿಸಬೇಕು. ಗಾಡಿ ಮೇಲೆ ಸಾಲ ಇದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯೂ ಬೇಕು.

ಇನ್ಶೂರೆನ್ಸ್ ಮರೀಬ್ಯಾಡ್ರಿ

ದಂಡ ಕಟ್ಟಿ ಪಾರಾಗಬಹುದು, ಆದರೆ ಅಪಘಾತ ಆದರೆ? ಗಾಡಿಯಲ್ಲಿರೋ ಎಂಜಿನ್ ನಂಬರ್ ಪಾಲಿಸಿಗೆ ತಾಳೆ ಆಗದಿದ್ದರೆ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ನಾವೇ ಕಾರಣ ಕೊಟ್ಟಂತೆ. ಗಾಯಾಳುವಿನ ಪರಿಹಾರ ನಮ್ಮ ತಲೆ ಮೇಲೆ ಬಂದರೆ ಹೊಲ ಮಾರಬೇಕಾದೀತು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಬಬಲೇಶ್ವರ ರಸ್ತೆಯಲ್ಲಿ ಹಿಂದೆ ಲೈಟ್ ಇಲ್ಲದ ಜೋಡಿ ಟ್ರೇಲರ್ ಎದುರಾದಾಗ ಕೆಲಸಕ್ಕೆ ಬರೋದು ಟರ್ಬೊ ಅಲ್ಲ, ಬ್ರೇಕ್.

ಸ್ಕ್ರ್ಯಾಪ್‌ನಿಂದ ಬಿಲ್ ಇಲ್ಲದೆ ತಂದ ಎಂಜಿನ್ ಕಳವಿನ ಗಾಡಿಯದಾಗಿದ್ದರೆ ಪೊಲೀಸ್ ಠಾಣೆ ಮೆಟ್ಟಿಲನ್ನೂ ಹತ್ತಬೇಕಾಗ್ತದೆ.

ಹಾಗಾದ್ರೆ ಏನ್ ಮಾಡ್ಬೇಕು?

ಟರ್ಬೊ ಬೇಕೇ ಬೇಕು ಅಂದರೆ ಕಂಪನಿಯಿಂದಲೇ ಟರ್ಬೊ ಬಂದ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋದು ಸರಳ ದಾರಿ. ಪೋಲೊ ಜಿಟಿ ಟಿಎಸ್‌ಐ, ಬಲೆನೊ ಆರ್‌ಎಸ್ ಅಂಥವೇ. ಎಂಜಿನ್, ಬ್ರೇಕ್, ಆರ್‌ಸಿ, ಪಾಲಿಸಿ ಎಲ್ಲ ಒಂದಕ್ಕೊಂದು ತಾಳೆ ಇರ್ತವೆ. ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ. ಜೋರಾಗಿ ಓಡಿಸಿ ಬಂದ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಹಾಗೇ ಬಿಡಿ, ಟರ್ಬೊ ಬಾಳಿಕೆ ಬರ್ತದೆ.

ಹಳೇ ಕಾರು ಕೊಳ್ಳುವವರು ಯಾರೇ ಇರಲಿ, ಮುಂಗಡ ಕೊಡೋ ಮೊದಲು ಬಾನೆಟ್ ಎತ್ತಿಸಿ ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. ಒಂದು ಅಂಕಿ ಬೇರೆ ಇದ್ದರೂ ವ್ಯವಹಾರ ಅಲ್ಲೇ ನಿಲ್ಲಿಸಿ.