ನ್ಯೂಯಾರ್ಕ್‌ನ ಸರ್ಕಾರಿ ಮನೆಗಳನ್ನು ಆಳುವ ಆ ಏಳು ಜನ ಯಾರು?

ಜೊಹ್ರಾನ್ ಮಮ್ದಾನಿ 2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದಾಗ ನಮ್ಮಲ್ಲೂ ಸ್ಟೇಟಸ್‌ಗಳು ತುಂಬಿಹೋಗಿದ್ದವು. ಎಲ್ಲರ ಬಾಯಲ್ಲೂ ಒಂದೇ ಮಾತು: 'ಬಾಡಿಗೆ ಏರಿಕೆಗೆ ಬ್ರೇಕ್'. ಆದರೆ ಆ ಭರವಸೆ ಖಾಸಗಿ ಮಾಲೀಕರ ಕೈಯಲ್ಲಿರುವ, ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆಗಳಿಗೆ ಸಂಬಂಧಿಸಿದ್ದು. ಆ ನಗರದಲ್ಲಿ ಸರ್ಕಾರವೇ ಮಾಲೀಕನಾಗಿರುವ ಮನೆಗಳೂ ಇವೆ, ಸುಮಾರು 1.77 ಲಕ್ಷ. ಅಲ್ಲಿ ಬಾಡಿಗೆ ಸಾಮಾನ್ಯವಾಗಿ ಕುಟುಂಬದ ಆದಾಯದ ಶೇ. 30ರ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಹಾಗಾಗಿ ಅಲ್ಲಿನವರ ಮೊದಲ ಚಿಂತೆ ಬಾಡಿಗೆಯದ್ದಲ್ಲ. ಸೋರುವ ಪೈಪು, ಕೆಟ್ಟ ಲಿಫ್ಟು, ಚಳಿಗಾಲದಲ್ಲಿ ಕೈಕೊಡುವ ಬಾಯ್ಲರ್, ಗೋಡೆ ಮೇಲಿನ ಬೂಷ್ಟು ಅವರ ಚಿಂತೆ.

ಈ ಮನೆಗಳ ಒಡೆಯ ನ್ಯೂಯಾರ್ಕ್ ಸಿಟಿ ಹೌಸಿಂಗ್ ಅಥಾರಿಟಿ. ಜನರ ಬಾಯಲ್ಲಿ 'ನೈಚಾ'. ಲಾ ಗಾರ್ಡಿಯಾ ಮೇಯರ್ ಆಗಿದ್ದಾಗ, 1934ರಲ್ಲಿ ಶುರುವಾಯಿತು. ಇದನ್ನು ನಡೆಸೋದು ಏಳು ಜನರ ಮಂಡಳಿ. ಬಜೆಟ್ಟು, ದೊಡ್ಡ ಗುತ್ತಿಗೆ, ವಾರ್ಷಿಕ ಯೋಜನೆ ಎಲ್ಲವೂ ಈ ಏಳು ಜನರ ಮುಂದೆ ಬರಬೇಕು. ಸಭೆಗಳು ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು.

ಈ ಏಳರಲ್ಲಿ ಮೂವರು ಅದೇ ಸರ್ಕಾರಿ ಮನೆಗಳಲ್ಲಿ ವಾಸ ಮಾಡುವ ಬಾಡಿಗೆದಾರರು. ಓದಿದ ತಕ್ಷಣ 'ಅಬ್ಬಾ, ಎಷ್ಟು ಪ್ರಜಾಸತ್ತಾತ್ಮಕ' ಅನ್ನಿಸುತ್ತದೆ. ನಿಗಮ-ಮಂಡಳಿ ಅಂದ್ರೆ ಮಂತ್ರಿಗಿರಿ ತಪ್ಪಿದವರಿಗೆ ಸಮಾಧಾನದ ಕುರ್ಚಿ ಅಂತಲೇ ನೋಡಿ ಅಭ್ಯಾಸವಾಗಿರುವ ನಮಗಂತೂ ಇನ್ನೂ ಹೆಚ್ಚು. ಆದರೆ ಸ್ವಲ್ಪ ನಿಧಾನ. ಆ ಮೂವರನ್ನೂ ಬಾಡಿಗೆದಾರರು ಆರಿಸುವುದಿಲ್ಲ. ಏಳೂ ಜನರನ್ನು ನೇಮಿಸೋದು ಮೇಯರ್. ಆರು ಜನರಿಗೆ ಮೂರು ವರ್ಷದ ಅವಧಿ. ಅಧ್ಯಕ್ಷರಿಗೆ ಅದೂ ಇಲ್ಲ, ಮೇಯರ್‌ಗೆ ಬೇಕಿರುವಷ್ಟು ದಿನ ಮಾತ್ರ.

ಅಮೆರಿಕದ ಕೇಂದ್ರ ಕಾನೂನು ಈ ವಿಷಯದಲ್ಲಿ ಏನನ್ನುತ್ತದೆ ಅನ್ನೋದು ಕುತೂಹಲಕರ. 1937ರ ವಸತಿ ಕಾಯ್ದೆಗೆ 1998ರಲ್ಲಿ ತಿದ್ದುಪಡಿ ತಂದು, ಪ್ರತಿ ಸ್ಥಳೀಯ ವಸತಿ ಸಂಸ್ಥೆಯ ಮಂಡಳಿಯಲ್ಲಿ ಕನಿಷ್ಠ ಒಬ್ಬ ಫಲಾನುಭವಿ ಇರಲೇಬೇಕು ಎಂದು ಬರೆಯಲಾಯಿತು. 300ಕ್ಕಿಂತ ಕಡಿಮೆ ಮನೆಗಳಿರುವ ಸಂಸ್ಥೆಗಳಿಗೆ, ಮಂಡಳಿ ಸದಸ್ಯರಿಗೆ ಪೂರ್ಣಾವಧಿ ಸಂಬಳವಿರುವ ಕಡೆಗಳಿಗೆ ವಿನಾಯಿತಿ ಉಂಟು. 'ನೀನು ಬಾಡಿಗೆದಾರ, ನಿನಗೆ ಸ್ವಹಿತಾಸಕ್ತಿ ಇದೆ' ಅಂತ ನೆಪ ಹೇಳಿ ಆ ಸದಸ್ಯರನ್ನು ಮತದಾನದಿಂದ ಹೊರಗಿಡುವ ಹಾಗೂ ಇಲ್ಲ. ಅವರೊಬ್ಬರಿಗಷ್ಟೇ ಸಂಬಂಧಿಸಿದ ವಿಷಯವಿದ್ದರೆ ಮಾತ್ರ ಹೊರಗಿರಬೇಕು. ಇದೇ ಕಾನೂನಿನಲ್ಲಿ ಇನ್ನೊಂದು ಸಾಲಿದೆ: ಸಂಸ್ಥೆಯ ಯೋಜನೆಯಲ್ಲಿ ಅವಕಾಶ ಮಾಡಿಕೊಂಡರೆ ಈ ಸದಸ್ಯರನ್ನು ನಿವಾಸಿಗಳೇ ಚುನಾಯಿಸಬಹುದು. ಅಂದ್ರೆ ಚುನಾವಣೆಗೆ ದೆಹಲಿಯಂಥ ವಾಷಿಂಗ್ಟನ್ ಅಡ್ಡಿಯಲ್ಲ. ನ್ಯೂಯಾರ್ಕ್ ಆರಿಸಿಕೊಂಡಿರುವುದು ನೇಮಕದ ದಾರಿ.

ಇದರಿಂದ ಏನಾಯ್ತು? ಸೀಸದ ಬಣ್ಣದ ಕಥೆ ನೋಡಿ. ಹಳೇ ಬಣ್ಣದಲ್ಲಿರುವ ಸೀಸ ಮಕ್ಕಳ ಮೆದುಳಿಗೆ ವಿಷ. ಆದ್ದರಿಂದ ಹಳೇ ಕಟ್ಟಡಗಳನ್ನು ಪ್ರತಿವರ್ಷ ತಪಾಸಣೆ ಮಾಡಬೇಕು ಅನ್ನೋದು ನಿಯಮ. ನೈಚಾ ವರ್ಷಗಟ್ಟಲೆ ತಪಾಸಣೆ ಮಾಡಲೇ ಇಲ್ಲ, ಆದರೆ 'ಮಾಡಿದ್ದೇವೆ' ಅಂತ ಕೇಂದ್ರಕ್ಕೆ ಬರೆದುಕೊಟ್ಟಿತು. 2018ರ ಜೂನ್‌ನಲ್ಲಿ ಫೆಡರಲ್ ಪ್ರಾಸಿಕ್ಯೂಟರ್‌ಗಳು ಹಾಕಿದ ದಾವೆ ಓದಿದರೆ ನಗುವುದೋ ಅಳುವುದೋ ಗೊತ್ತಾಗಲ್ಲ. ಇನ್ಸ್‌ಪೆಕ್ಟರ್‌ಗಳು ಬರುವ ಹೊತ್ತಿಗೆ ಸೋರಿಕೆ ಕಾಣದಿರಲಿ ಅಂತ ಕಟ್ಟಡದ ನೀರೇ ಬಂದ್. ಗೋಡೆಯ ತೂತುಗಳಿಗೆ ಬಣ್ಣ ಬಳಿದ ರಟ್ಟು. ಅಧ್ಯಕ್ಷೆ ಶೋಲಾ ಒಲಾಟೊಯೆ ಅಷ್ಟರೊಳಗೆ, ಏಪ್ರಿಲ್‌ನಲ್ಲೇ ಹುದ್ದೆ ಬಿಟ್ಟಿದ್ದರು.

ಆಗಲೂ ಮಂಡಳಿಯಲ್ಲಿ ಬಾಡಿಗೆದಾರ ಸದಸ್ಯರಿದ್ದರು. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆ ಕಾಲದಲ್ಲಿ ಮಂಡಳಿಯ ಅಧ್ಯಕ್ಷರೇ ಸಂಸ್ಥೆಯ ಸಿಇಒ ಕೂಡ. ಅಂದ್ರೆ ಆಡಳಿತ ನಡೆಸುವವರೇ ಆಡಳಿತದ ಮೇಲೆ ಕಣ್ಣಿಡುವ ಸಭೆಗೂ ಯಜಮಾನರು. ಅಧಿಕಾರಿಗಳು ತಂದಿಟ್ಟ ಕಾಗದದ ಮೇಲೆ ಕೈ ಎತ್ತುವ ಸದಸ್ಯರಿಗೆ, ಆ ಕಾಗದವೇ ಸುಳ್ಳು ಅಂತ ಹೇಗೆ ತಿಳಿಯಬೇಕು? 2022ರಲ್ಲಿ ಈ ಎರಡು ಹುದ್ದೆಗಳನ್ನು ಬೇರೆ ಮಾಡಿದರು. ಅಷ್ಟು ಹೊತ್ತಿಗಾಗಲೇ, 2019ರ ಜನವರಿಯ ಒಪ್ಪಂದದ ಪ್ರಕಾರ, ನೈಚಾ ಮೇಲೆ ಫೆಡರಲ್ ಮಾನಿಟರ್ ಒಬ್ಬರು ಬಂದು ಕೂತಿದ್ದರು. ನಗರ ತನ್ನ ಪಾಲಿನಿಂದ 220 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿಕೊಂಡಿತ್ತು.

ಮಾನಿಟರ್ ಬಂದ ಮೇಲೂ ಎಲ್ಲ ಸರಿಹೋಗಲಿಲ್ಲ. 2024ರ ಫೆಬ್ರವರಿಯಲ್ಲಿ ನೈಚಾದ 70 ಮಂದಿ ಹಾಲಿ-ಮಾಜಿ ನೌಕರರ ಮೇಲೆ ಒಂದೇ ದಿನ ಲಂಚದ ಕೇಸು ಬಿತ್ತು. ಟೆಂಡರ್ ಬೇಕಿಲ್ಲದ ಸಣ್ಣ ರಿಪೇರಿ ಕೆಲಸಗಳಿಗೆ ಕಮಿಷನ್ ತಿಂದ ಆರೋಪ. ಹೆಚ್ಚಿನವು 10 ಸಾವಿರ ಡಾಲರ್‌ಗಿಂತ ಕಡಿಮೆಯ ಕೆಲಸಗಳು, ಕಮಿಷನ್ ಸಾಮಾನ್ಯವಾಗಿ ಶೇ. 10ರಿಂದ 20. (ಪರ್ಸೆಂಟೇಜ್ ಕೇಳಿ ಊರಿನ ನೆನಪಾದರೆ ಆಶ್ಚರ್ಯವಿಲ್ಲ.) ಮಂಡಳಿಯ ಅಜೆಂಡಾಕ್ಕೆ ಬರೋದು ದೊಡ್ಡ ಗುತ್ತಿಗೆಗಳು. ಬಾಡಿಗೆದಾರರ ನಲ್ಲಿ ಸೋರೋದು ಈ ಸಣ್ಣ ಕೆಲಸಗಳಲ್ಲಿ.

ಹಾಗಾದ್ರೆ ನಿವಾಸಿಗಳ ಕೈಗೆ ನಿಜವಾದ ಮತ ಸಿಕ್ಕಿದ್ದೇ ಇಲ್ಲವಾ? ಸಿಕ್ಕಿದೆ, ಆದರೆ ಮಂಡಳಿಯಲ್ಲಲ್ಲ. ಈ ಮನೆಗಳನ್ನು ಪೂರ್ತಿ ದುರಸ್ತಿ ಮಾಡಲು ಮುಂದಿನ 20 ವರ್ಷಗಳಲ್ಲಿ 7,800 ಕೋಟಿ ಡಾಲರ್ ಬೇಕು ಅಂತ 2023ರಲ್ಲಿ ನೈಚಾ ತಾನೇ ಲೆಕ್ಕ ಹಾಕಿತು. ಅಷ್ಟು ದುಡ್ಡು ವಾಷಿಂಗ್ಟನ್‌ನಿಂದ ಬರುವುದಿಲ್ಲ. ಅದಕ್ಕೇ 2022ರಲ್ಲಿ ರಾಜ್ಯ ಶಾಸನಸಭೆ ಹೊಸ ಸಾರ್ವಜನಿಕ ಟ್ರಸ್ಟ್ ಒಂದನ್ನು ಹುಟ್ಟುಹಾಕಿ, ಅದಕ್ಕೆ ಹೋಗಬೇಕೇ ಬೇಡವೇ ಅಂತ ಆಯಾ ವಸತಿ ಸಮುಚ್ಚಯದವರೇ ಮತ ಹಾಕಲಿ ಎಂದಿತು. ಟ್ರಸ್ಟ್, ಖಾಸಗಿ ನಿರ್ವಹಣೆ, ಈಗಿರುವ ಹಾಗೇ ಇರುವುದು, ಹೀಗೆ ಮೂರು ಆಯ್ಕೆ. ಕನಿಷ್ಠ ಶೇ. 20ರಷ್ಟು ಮನೆಯ ಯಜಮಾನರು ಮತ ಹಾಕಿದರೆ ಮಾತ್ರ ಸಿಂಧು.

2023ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ನಾಸ್ಟ್ರಾಂಡ್ ಹೌಸಸ್‌ನವರು ಟ್ರಸ್ಟ್‌ಗೆ ಹೂಂ ಅಂದರು. ಮರುವರ್ಷ ಅದೇ ಬ್ರೂಕ್ಲಿನ್‌ನ ಕೋನಿ ಐಲ್ಯಾಂಡ್ ಹೌಸಸ್‌ನವರು ಬೇಡ, ಇದ್ದಂತೆಯೇ ಇರುತ್ತೇವೆ ಅಂದರು. ಇಬ್ಬರ ಮಾತೂ ನಡೆಯಿತು. ಮಂಡಳಿಯ ಮೂರು ಕುರ್ಚಿಗಳಲ್ಲಿ ಯಾರು ಕೂರಬೇಕು ಅನ್ನುವ ಪ್ರಶ್ನೆ ಮಾತ್ರ ಈಗಲೂ ಅದೇ ನಿವಾಸಿಗಳ ಮುಂದೆ ಬರುವುದಿಲ್ಲ, ಮೇಯರ್ ಮೇಜಿಗೆ ಹೋಗುತ್ತದೆ. ಆ ಮೇಜು ಈಗ ಮಮ್ದಾನಿಯದ್ದು.