ಚಿತ್ತಾರ ಹುಟ್ಟುವ ಬಗೆ

ಒಂದು ಚೀಲಕ್ಕೋ ದಿಂಬಿನ ಗವಸಿಗೋ ಹೊಸ ವಿನ್ಯಾಸವನ್ನು ರಚಿಸಬೇಕೆಂದು ಕುಳಿತಾಗ ಮೊದಲು ಎದುರಾಗುವುದು ಬರಿಯ ಕಾಗದ. ಏನನ್ನು ಬರೆಯಲಿ, ಎಲ್ಲಿಂದ ತರಲಿ ಎಂಬ ಚಿಂತೆ ಯಾರನ್ನೂ ಬಿಟ್ಟದ್ದಲ್ಲ. ಸ್ಫೂರ್ತಿಯೆಂಬುದು ಆಕಾಶದಿಂದ ಇಳಿದು ಬರುವುದೆಂದು ನಂಬಿ ಕಾಯುವವರೂ ಉಂಟು. ಬಳ್ಳಾರಿ ಸೀಮೆಯ ಲಂಬಾಣಿ ಹೆಂಗಸರ ಕಸೂತಿಯನ್ನು ಕಂಡವರು ಹಾಗೆ ನಂಬಲಾರರು.

ಬಳ್ಳಾರಿಯ ಕಂಟೋನ್ಮೆಂಟ್ ಹಿಂದೆ ದಂಡು ಬೀಡುಬಿಟ್ಟಿದ್ದ ಪ್ರದೇಶ. 1800ರಲ್ಲಿ ಈ ಸೀಮೆಯು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆ ಕಾಲದಲ್ಲಿ ದಖನ್ನಿನ ದಂಡುಗಳಿಗೆ ದವಸಧಾನ್ಯಗಳನ್ನು ಎತ್ತುಗಳ ಮೇಲೆ ಹೇರಿ ತಂದೊದಗಿಸುತ್ತಿದ್ದವರಲ್ಲಿ ಲಂಬಾಣಿಗಳು ಮುಖ್ಯರು. ಸದಾ ದಾರಿಯಲ್ಲಿರುವವರಿಗೆ ಚಿತ್ರ ಬರೆಯಲು ಗೋಡೆಯೆಲ್ಲಿ? ಉಟ್ಟ ಬಟ್ಟೆ, ಹೊತ್ತ ಚೀಲ, ಎತ್ತಿನ ಬೆನ್ನ ಹೊದಿಕೆ, ಇವೇ ಅವರ ಗೋಡೆಗಳಾದುವು. ಕೊಡ ಹೊರುವ ಸಿಂಬೆಗೂ ಅವರು ಕವಡೆ ಪೋಣಿಸಿದರು. ಕೈಗೆ ದೊರೆತ ನಾಣ್ಯ, ಕನ್ನಡಿಯ ಚೂರು, ಹಳೆಯ ಬಟ್ಟೆಯ ತುಂಡು, ಯಾವುದೂ ವ್ಯರ್ಥವಾಗಲಿಲ್ಲ. ಬಟ್ಟೆ ಬಾಳಲೆಂದು ಅಂಚಿಗೆ ಹಾಕಿದ ಒತ್ತು ಹೊಲಿಗೆಯೇ ಅಲಂಕಾರದ ಸಾಲೂ ಆಯಿತು. ಸಂಡೂರಿನ ಕಸೂತಿಯಲ್ಲಿ 14 ಬಗೆಯ ಹೊಲಿಗೆಗಳನ್ನು ಗುರುತಿಸುತ್ತಾರೆ. ಅವುಗಳಲ್ಲಿ ಒಂದಕ್ಕೆ ಸೂರ್ಯಕಾಂತಿ ಮಕಿ ಎಂದು ಹೆಸರು, ಇನ್ನೊಂದಕ್ಕೆ ಕವಡಿ. ಹೊಲಿದವರ ಕಣ್ಣು ಎತ್ತ ಹರಿದಿತ್ತೆಂಬುದನ್ನು ಈ ಹೆಸರುಗಳೇ ಹೇಳುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಮಾರ್ಗಗಳು ಹರಡಿದ ಮೇಲೆ ಎತ್ತಿನ ಸಾಗಣೆ ನಿಂತಿತು. ಲಂಬಾಣಿಗಳು ತಾಂಡಾಗಳಲ್ಲಿ ನೆಲೆಸಿದರು. ಭಾರವಾದ ಕಾಂಚಳಿ, ಫೇಟಿಯಾಗಳನ್ನು ನಿತ್ಯವೂ ತೊಡುವವರು ವಿರಳರಾದರು. ತೊಡುವವರಿಲ್ಲದ ಮೇಲೆ ಹೊಲಿಯುವವರು ಎಷ್ಟು ದಿನ ಉಳಿದಾರು? ಈ ಆತಂಕದ ನಡುವೆ, 1980ರ ದಶಕದಲ್ಲಿ, ಸಂಡೂರು ಕುಶಲ ಕಲಾ ಕೇಂದ್ರವು ತಲೆಯೆತ್ತಿತು. ಅಜ್ಜಿಯ ರವಿಕೆಯ ಮೇಲಿದ್ದ ಹೊಲಿಗೆಯು ಚೀಲಕ್ಕೂ ದಿಂಬಿನ ಗವಸಿಗೂ ಬಂದಿತು. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರಲ್ಲಿ ಹಂಪಿಯಲ್ಲಿ ನಡೆದ ಪ್ರದರ್ಶನಕ್ಕೆ 450ಕ್ಕೂ ಹೆಚ್ಚು ಹೆಂಗಸರು ಸೇರಿ 1755 ವಸ್ತುಗಳನ್ನು ಸಿದ್ಧಗೊಳಿಸಿದರು.

ಇಂಥ ಕಸೂತಿಯ ಚಿತ್ರವನ್ನು ಯಂತ್ರದಿಂದ ಅಚ್ಚೊತ್ತಿ ಅಗ್ಗಕ್ಕೆ ಮಾರುವವರೂ ಇದ್ದಾರೆ. ಅದನ್ನು ಸ್ಫೂರ್ತಿಯೆನ್ನಲು ನನಗೆ ಮನಸ್ಸೊಪ್ಪದು. ಹೊಲಿದವಳಿಗೆ ಅದರಿಂದ ಬಂದುದೇನು? ಸ್ಫೂರ್ತಿ ಪಡೆಯುವವನು ಮೊದಲು ಒಂದು ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು, ಬಟ್ಟೆಯನ್ನು ಮಗುಚಿ ಹಿಂಬದಿಯನ್ನೂ ನೋಡಬೇಕು, ಅದು ಏಕೆ ಹಾಗಿದೆಯೆಂದು ಬಲ್ಲವರನ್ನು ಕೇಳಬೇಕು, ಅದು ಯಾರದೆಂಬುದನ್ನೂ ಹೇಳಬೇಕು.

ಬಳ್ಳಾರಿ ಇಂದು ಜೀನ್ಸ್ ಹೊಲಿಗೆಗೆ ಹೆಸರಾದ ನಗರ. ಕತ್ತರಿಸಿ ಉಳಿದ ನೀಲಿ ತುಂಡೊಂದನ್ನು ತಂದು ಅದರ ಮೇಲೆ ಲಂಬಾಣಿ ಹೊಲಿಗೆ ಹಾಕಲು ಯತ್ನಿಸಿರಿ. ಬಟ್ಟೆ ದಪ್ಪ, ಸೂಜಿ ಸುಲಭವಾಗಿ ಇಳಿಯದು. ದಪ್ಪ ದಾರ ಬೇಕಾಗುತ್ತದೆ, ಹೊಲಿಗೆಯನ್ನು ಹಿಗ್ಗಿಸಬೇಕಾಗುತ್ತದೆ. ಹಿಗ್ಗಿಸಿದೊಡನೆ ಸಾಲುಗಳ ನಡುವೆ ನೀಲಿ ಇಣುಕುತ್ತದೆ. ನೀವು ನೋಡಿ ಬಂದ ಚಿತ್ತಾರ ಅಲ್ಲಿ ಬೇರೆಯೇ ಆಗಿರುತ್ತದೆ.