ಆಟೊಮ್ಯಾಟಿಕ್ ಗೇರಿಗೆ ಮುಂದಿನ ತಿರುವು ಕಾಣಿಸಲ್ಲ

ಹೈಸ್ಕೂಲು ಓದುವ ಅಕ್ಕನ ಮಗ ಗ್ರಾನ್ ಟುರಿಸ್ಮೊ 7 ಗೇಮಿನ ಮೊಂಜಾ ಟ್ರ್ಯಾಕ್‌ನಲ್ಲಿ ನನ್ನನ್ನು ಸುತ್ತಿಗೆ ನಾಲ್ಕು ಸೆಕೆಂಡ್ ಹಿಂದೆ ಹಾಕಿದ. ಕಾರು ಒಂದೇ, ಟೈರೂ ಒಂದೇ. ‘ಮಾಮ, ಮೊದಲು ಆ ಆಟೊಮ್ಯಾಟಿಕ್ ತೆಗೀರಿ’ ಅಂದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಿಗೆ ಇಷ್ಟು ಅವಮಾನ ಸಾಕಾಗಿತ್ತು. ಹಳೆಯ ಪಾಠಗಳನ್ನು ನೆನಪಿಸಿಕೊಂಡು ಕೂತೆ.

ಟೈರಿನ ಹಿಡಿತವನ್ನು ತಿಂಗಳ ಸಂಬಳ ಅಂದುಕೊಳ್ಳಿ. ಬ್ರೇಕ್ ಹಾಕುವುದು, ತಿರುಗುವುದು, ವೇಗ ಹೆಚ್ಚಿಸುವುದು ಎಲ್ಲವೂ ಅದರಲ್ಲೇ ಆಗಬೇಕು. ಪೂರ್ತಿ ಬ್ರೇಕ್ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿದರೆ, ತಿರುಗೋಕೆ ಕಾಸೇ ಉಳಿದಿರಲ್ಲ. ಕಾರು ನೆಟ್ಟಗೆ ಹೋಗಿ ಜಲ್ಲಿಯಲ್ಲಿ ಬೀಳುತ್ತದೆ. ಅದೂ ಅಲ್ಲದೆ, ವೇಗ ಎರಡು ಪಟ್ಟಾದರೆ ಅದೇ ತಿರುವಿಗೆ ಬೇಕಾದ ಬಲ ನಾಲ್ಕು ಪಟ್ಟು. ಹಾಗಾಗಿ ಹೆಚ್ಚಿನ ಬ್ರೇಕನ್ನು ನೇರ ರಸ್ತೆಯಲ್ಲೇ ಹಾಕಿ ಮುಗಿಸಬೇಕು. ಆಮೇಲೆ ಸ್ಟೀರಿಂಗ್ ಎಷ್ಟು ತಿರುಗುತ್ತದೋ ಅಷ್ಟು ಬ್ರೇಕ್ ಬಿಡುತ್ತಾ ಹೋಗಬೇಕು.

ಎರಡನೆಯದು ದಾರಿ. ಹೊರಬದಿಯಿಂದ ಶುರು ಮಾಡಿ, ಒಳ ಅಂಚನ್ನು ಸವರಿ, ಮತ್ತೆ ಹೊರಬದಿಗೆ ಬಂದರೆ ತಿರುವಿನ ವೃತ್ತ ದೊಡ್ಡದಾಗುತ್ತದೆ. ವೃತ್ತ ದೊಡ್ಡದಾದಷ್ಟೂ ಅದೇ ಹಿಡಿತದಲ್ಲಿ ಹೆಚ್ಚು ವೇಗ ಸಾಧ್ಯ. ಮೊಂಜಾದ ಸುತ್ತು 5.793 ಕಿಲೋಮೀಟರ್. ಕೊನೆಯ ತಿರುವು ಪ್ಯಾರಾಬೋಲಿಕಾ. ಅದರ ಮುಂದೆ ಒಂದು ಕಿಲೋಮೀಟರಿಗೂ ಉದ್ದದ ನೇರ ರಸ್ತೆ. ಅಲ್ಲಿ ನಾನು ಜೋರಾಗಿ ನುಗ್ಗಿ, ಒದ್ದಾಡಿ ಹೊರಬರುತ್ತಿದ್ದೆ. ಹುಡುಗ ನಿಧಾನಕ್ಕೆ ಒಳಹೋಗಿ ಬೇಗ ಆಕ್ಸಲರೇಟರ್ ಒತ್ತುತ್ತಿದ್ದ. ಹೊರಬರುವಾಗ ಗಳಿಸಿದ ವೇಗ ಆ ನೇರ ರಸ್ತೆಯುದ್ದಕ್ಕೂ ಅವನ ಜೊತೆಗಿರುತ್ತಿತ್ತು.

ಈಗ ಗೇರಿಗೆ ಬರೋಣ. ಆಟೊಮ್ಯಾಟಿಕ್ ನೋಡುವುದು ಎಂಜಿನ್ ಎಷ್ಟು ತಿರುಗುತ್ತಿದೆ ಅನ್ನೋದನ್ನು. ಮುಂದೆ ತಿರುವಿದೆ ಅಂತ ಅದಕ್ಕೇನು ಗೊತ್ತು? ತಿರುವಿನ ನಡುವೆಯೇ ಗೇರು ಬದಲಾಗಿ ಕಾರಿನ ಸಮತೋಲ ತಪ್ಪಬಹುದು. ಮ್ಯಾನ್ಯುವಲ್‌ನಲ್ಲಿ ಬ್ರೇಕ್ ಹಾಕುವಾಗಲೇ ಒಂದೊಂದಾಗಿ ಗೇರು ಇಳಿಸಿ, ತಿರುವಿಗೆ ಬೇಕಾದ ಗೇರಿನಲ್ಲಿ ಸಿದ್ಧವಾಗಿರಬಹುದು. ಆದರೆ ಅವಸರ ಬೇಡ. ವೇಗ ಇಳಿಯುವ ಮೊದಲೇ ಗೇರು ಇಳಿಸಿದರೆ ಎಂಜಿನ್ ಹಿಂದಿನ ಚಕ್ರಗಳನ್ನು ಹಿಡಿದೆಳೆದು ಕಾರು ಗಿರಕಿ ಹೊಡೆಯುತ್ತದೆ. ಹೊರಬರುವಾಗ ಚಕ್ರ ಜಾರುತ್ತಿದ್ದರೆ ಒಂದು ಗೇರು ಮೇಲಿಟ್ಟುಕೊಳ್ಳಿ. ಚಕ್ರಕ್ಕೆ ಹೋಗುವ ತಿರುಗುಬಲ ಕಡಿಮೆಯಾಗಿ ಹಿಡಿತ ಉಳಿಯುತ್ತದೆ.

ಮೊದಲ ದಿನ ನಾನು ಇನ್ನೂ ನಿಧಾನವಾದೆ. ವಾರ ಕಳೆಯುವಷ್ಟರಲ್ಲಿ ಅಂತರ ಒಂದು ಸೆಕೆಂಡಿಗೆ ಇಳಿದಿತ್ತು.

ಇದು ಬರೀ ಆಟ ಅನ್ನುವಂತಿಲ್ಲ. 2011ರಲ್ಲಿ ಗ್ರಾನ್ ಟುರಿಸ್ಮೊ ಆಡುವವರಿಗಾಗಿ ನಡೆದ ಜಿಟಿ ಅಕಾಡೆಮಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ, 2013ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ನಿಜವಾದ ಕಾರು ಓಡಿಸಿದರು.

ಅಲ್ಲೇ ಒಂದು ಅಪಾಯವೂ ಇದೆ. ಕಳೆದ ಮಳೆಗಾಲ ಚಾರ್ಮಾಡಿ ಘಾಟಿಯಲ್ಲಿ ಎಡ ತಿರುವೊಂದು ಬಂದಾಗ ನನ್ನ ಕೈ ತಾನಾಗಿಯೇ ಕಾರನ್ನು ಹೊರಬದಿಗೆ ಎಳೆಯಿತು. ನಮ್ಮಲ್ಲಿ ಎಡ ತಿರುವಿನ ಹೊರಬದಿ ಅಂದರೆ ಎದುರಿನಿಂದ ಬರುವವರ ಜಾಗ. ಎದುರಿಗೆ ಬಸ್ಸಿತ್ತು. ಅದರ ಡ್ರೈವರು ಬ್ರೇಕ್ ಹಾಕಿದ್ದರಿಂದ ಈ ಅಂಕಣ ಬರೆಯುತ್ತಿದ್ದೇನೆ.

ಘಾಟಿಗೆ ಆಟದಿಂದ ಎರಡೇ ಪಾಠ ಒಯ್ಯಿರಿ: ತಿರುವಿಗೆ ಮೊದಲೇ ವೇಗ ಇಳಿಸಿ, ಇಳಿಜಾರಿನಲ್ಲಿ ಕೆಳ ಗೇರಿನಲ್ಲಿರಿ. ರಸ್ತೆಯ ಪೂರ್ತಿ ಅಗಲ ಬಳಸುವ ಆಸೆ ಮೊಂಜಾದಲ್ಲೇ ಇರಲಿ. ಅಲ್ಲಿ ಎದುರಿನಿಂದ ಯಾರೂ ಬರಲ್ಲ.